ಸೇನೆ ಬಿಟ್ಟ ಜೀಪು

ಹರಾಜಿನಲ್ಲಿ ಸೇನೆಯ ಹಳೆಯ ಜೀಪನ್ನು ಕೊಂಡವರಿಗೆ ಅದರ ಹಸಿರು ಬಣ್ಣವೇ ಹೆಮ್ಮೆ. ಕಾನೂನು ಮೊದಲು ಕಿತ್ತುಕೊಳ್ಳುವುದೂ ಅದನ್ನೇ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು. ನೋಂದಣಿಗೆ ಸಂಬಂಧಪಟ್ಟ ಅಧಿಕಾರಿಗಳ ಮೂಲ ಮಾರಾಟಪತ್ರವೂ ಬೇಕು.

ಇಷ್ಟಾದರೂ ಅಪಾಯ ಕಳೆಯದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಸ್ಟೀರಿಂಗ್ ಎಡಗಡೆ. ಅಂಥದರಲ್ಲಿ ಸಂಸಾರಸಮೇತ ಬಿಡದಿಯಿಂದ ಮಂಚನಬೆಲೆಯ ಕಡೆಗೆ ಹೊರಟವರು ಮುಂದಿನ ಬಸ್ಸನ್ನು ಹಿಂದೆ ಹಾಕಬೇಕಾದರೆ, ಎದುರಿನ ಲಾರಿ ಚಾಲಕನ ಕಣ್ಣಿಗೆ ಬೀಳುವ ಮೊದಲೇ ಜೀಪಿನ ಬಲಮೈ ನಡುರಸ್ತೆಗೆ ಬಂದಿರುತ್ತದೆ. ಎಡಗಡೆ ಕುಳಿತವನ ಕೈಸನ್ನೆಯೂ ಬಲಬದಿಯವರಿಗೆ ಕಾಣದು. ಇಂಥ ವಾಹನಕ್ಕೆ ಸುಸ್ಥಿತಿಯಲ್ಲಿರುವ ಸಂಕೇತ ಸಾಧನ ಇರಲೇಬೇಕೆಂದು 1988ರ ಕಾಯಿದೆ ವಿಧಿಸಿರುವುದು ಸುಮ್ಮನಲ್ಲ. ಲಾರಿಯನ್ನು ಮೊದಲು ಕಾಣುವವಳು ಬಲಗಡೆ ಕುಳಿತ ಮಡದಿ. ಮೊದಲ ಪೆಟ್ಟೂ ಆಕೆಗೇ.