ಬಣ್ಣ ಹೊಸತು, ಬೋಟು ಹಳತು

ಏಪ್ರಿಲ್ ಬಂತೆಂದರೆ ಕಾರವಾರದ ಕಾಳಿ ನದಿ ದಂಡೆಯಲ್ಲಿ ಪೇಂಟಿನ ವಾಸನೆ. ಶಾಲೆಗೆ ರಜೆ, ಘಟ್ಟದ ಮೇಲಿನ ಬಸ್ಸುಗಳೆಲ್ಲ ಭರ್ತಿ. ಬಂದವರಿಗೆ ನದಿ ಸಮುದ್ರ ಸೇರುವ ಜಾಗ ನೋಡಬೇಕು, ದ್ವೀಪ ಸುತ್ತಬೇಕು, ಡಾಲ್ಫಿನ್ ಕಾಣಬೇಕು. ಜನ ಹೆಚ್ಚಾದಾಗ ತೆಂಗಿನ ಗರಿ ಹೊದ್ದು ಮಲಗಿದ್ದ ಹಳೇ ಬೋಟುಗಳೂ ಎದ್ದು ಕೂರುತ್ತವೆ. ನೀಲಿ ಬಣ್ಣ, ಬಿಳಿ ಪಟ್ಟಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬೋಟು ರೆಡಿ!

ರೆಡಿ ಆದದ್ದು ಬೋಟೋ, ಬಣ್ಣವೋ ಎಂಬುದೇ ಪ್ರಶ್ನೆ.

ಹಳೇ ಬೋಟು ಅಂದಾಕ್ಷಣ ಕೆಟ್ಟ ಬೋಟು ಅಂತಲ್ಲ. ಚೆನ್ನಾಗಿ ನೋಡಿಕೊಂಡರೆ ಅಪ್ಪ ಓಡಿಸಿದ ಬೋಟನ್ನು ಮಗನೂ ಓಡಿಸಬಹುದು. ಆದರೆ ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದ ಮರದ ಬೋಟಿನ ಹಲಗೆ ಒಣಗಿ ಸಂದಿ ಬಿಟ್ಟಿರುತ್ತದೆ. ನೀರಿಗೆ ಬಿಟ್ಟು, ಹಲಗೆ ಉಬ್ಬಿ ಸಂದಿ ಮುಚ್ಚಿಕೊಂಡಿತೋ ಇಲ್ಲವೋ ಅಂತ ನಾಲ್ಕು ದಿನ ಕಾಯಬೇಕು. ಫೈಬರ್ ಬೋಟಾದರೆ ಬಿರುಕು ಹುಡುಕಬೇಕು. ಅದೂ ಬಣ್ಣ ಹಚ್ಚುವ ಮೊದಲು, ಹಚ್ಚಿದ ಮೇಲಲ್ಲ. ಬಣ್ಣದ ಅಡಿ ಬಿರುಕು ಕಾಣುವುದಿಲ್ಲ.

ಎಂಜಿನ್ನಿನ ಕತೆಯೂ ಅಷ್ಟೇ. ಎಂಜಿನ್ ತಣ್ಣಗಿಡಲು ನೀರೆಳೆಯುವ ಪಂಪಿನೊಳಗೆ ಸಣ್ಣ ರಬ್ಬರ್ ಚಕ್ರವಿದೆ. ಸುಮ್ಮನೆ ನಿಂತ ಬೋಟಿನಲ್ಲಿ ಅದು ಗಟ್ಟಿಯಾಗಿ ಸೀಳುತ್ತದೆ. ದಂಡೆಯಲ್ಲಿ ಎಂಜಿನ್ ಚೆನ್ನಾಗಿಯೇ ಗುಡುಗುತ್ತದೆ, ನಡುನೀರಿನಲ್ಲಿ ಕಾದು ನಿಲ್ಲುತ್ತದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ. ಪೆಟ್ರೋಲ್ ಎಂಜಿನ್ ಆದರೆ ಇನ್ನೂ ಜೋಕೆ ಬೇಕು: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತದೆ. ಮುಚ್ಚಳ ತೆರೆದು ಗಾಳಿಯಾಡಿಸದೆ ಸ್ಟಾರ್ಟ್ ಮಾಡಿದರೆ ಒಂದು ಕಿಡಿ ಸಾಕು. ಇದೆಲ್ಲ ಆದ ಮೇಲೆ ಜನರ ಬದಲು ಮರಳಿನ ಚೀಲ ಹೇರಿಕೊಂಡು ಒಂದು ತಾಸು ಓಡಿಸಿ ನೋಡಬೇಕು. ನೋಡುವವರು ಎಷ್ಟು ಮಂದಿ?

ಇದು ಹೆದರಿಸುವ ಮಾತಲ್ಲ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಬೋಟು ಮಗುಚಿ 22 ಜನ ಸತ್ತರು. ಅದು ಮೀನುಗಾರಿಕೆ ಬೋಟನ್ನೇ ಮಾರ್ಪಡಿಸಿ ಪ್ರವಾಸಿಗರಿಗೆಂದು ಸಿಂಗರಿಸಿದ್ದು. ಮೀನಿನ ಬೋಟಿನಲ್ಲಿ ಭಾರ ಕೆಳಗಿರುತ್ತದೆ. ಜನರ ಬೋಟು ಮಾಡಿ ಮೇಲೊಂದು ಅಂತಸ್ತು ಕಟ್ಟಿದರೆ ಭಾರ ತಲೆಗೇರುತ್ತದೆ. ಅಂಥದ್ದರಲ್ಲಿ ‘ಅಗೋ ಡಾಲ್ಫಿನ್’ ಅಂತ ಒಬ್ಬ ಕೂಗಿ ಎಲ್ಲರೂ ಒಂದೇ ಬದಿಗೆ ಓಡಿದರೆ ಏನಾದೀತು, ನೀವೇ ಹೇಳಿ.

ಕೇರಳದ ಮಾತು ಬಿಡಿ. ನಮ್ಮಲ್ಲೇ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಹೋದರು. ಮಿತಿ ಮೀರಿ ಜನ ಹತ್ತಿಸಿದ್ದೇ ಕಾರಣ ಎಂಬುದು ಆಗ ಎಲ್ಲರ ಬಾಯಲ್ಲೂ ಇತ್ತು. ಈಗ ಯಾರ ಬಾಯಲ್ಲಿದೆ?

ಕಾನೂನು ಇಲ್ಲವೇ? ಇದೆ ಸ್ವಾಮಿ. ಒಳನಾಡು ಜಲಸಾರಿಗೆಗೆ 1917ರ ಹಳೇ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ. ನೋಂದಣಿ ಬೇಕು, ತಪಾಸಣೆ ಸರ್ಟಿಫಿಕೇಟ್ ಬೇಕು, ವಿಮೆ ಬೇಕು, ಓಡಿಸುವವನಿಗೆ ಅರ್ಹತಾ ಪತ್ರ ಬೇಕು. ಆದರೆ ಬೋಟು ನೀರಿಗಿಳಿಯುವ ಮೊದಲು ಅಧಿಕಾರಿ ದಂಡೆಗಿಳಿಯಬೇಕಲ್ಲ! ರಜೆ ಮುಗಿದ ಮೇಲೆ ತಪಾಸಣೆ ಮಾಡಿದರೆ ಬಂದ ಭಾಗ್ಯವೇನು? ಮಾರ್ಚ್ ತಿಂಗಳಲ್ಲೇ ಒಂದೊಂದು ಬೋಟನ್ನೂ ಮೇಲೆಳೆಸಿ, ಬಣ್ಣಕ್ಕೆ ಮುಂಚೆ ನೋಡಿ, ಎಷ್ಟು ಜನ ಎಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬೋಟಿನ ಮೈಮೇಲೆ ಬರೆಸಲಿ.

ಬೋಟಿನವರ ಕಷ್ಟವೂ ಸುಳ್ಳಲ್ಲ. ಮಳೆ ಬಿದ್ದರೆ ಧಂದೆ ಬಂದ್. ಬೇಸಿಗೆಯ ಎರಡು ತಿಂಗಳಲ್ಲಿ ಆದಷ್ಟು ದುಡಿಯಬೇಕು. ಪೇಂಟಿಗೆ ಖರ್ಚು ಮಾಡಿದರೆ ಗಿರಾಕಿಗೆ ಕಾಣುತ್ತದೆ, ಪಂಪಿಗೆ ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಹಾಗಂತ ಲೆಕ್ಕ ತಪ್ಪಬಾರದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದಾಗ ಅಲ್ಲಿನ ಕಡಲತೀರ ಪ್ರವಾಸಿಗರಿಗೆ ಕೆಲಕಾಲ ಬಂದ್ ಆಯಿತು. ತೀರ ಬಂದ್ ಆದರೆ ಚಹಾದಂಗಡಿ, ಲಾಡ್ಜು, ಮೀನೂಟದ ಹೋಟೆಲು, ರಿಕ್ಷಾ, ಎಲ್ಲರ ಗಲ್ಲಾಪೆಟ್ಟಿಗೆಗೂ ಬೀಗ. ಒಂದು ಬೋಟಿನ ಉಡಾಫೆಗೆ ಇಡೀ ಪೇಟೆ ದಂಡ ತೆರಬೇಕು.

ಹಾಗಾಗಿ ವ್ಯಾಪಾರಿಗಳೇ, ನಿಮ್ಮ ಅಂಗಡಿಗೆ ಬಂದು ‘ಬೋಟು ಎಲ್ಲಿ ಸಿಗ್ತದೆ?’ ಅಂತ ಕೇಳಿದವರಿಗೆ ದಾರಿ ತೋರಿಸುವಾಗ ಇನ್ನೆರಡು ಮಾತೂ ಹೇಳಿಬಿಡಿ. ಲೈಫ್ ಜಾಕೆಟ್ಟು ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಸಾಲದು, ಮೈಮೇಲಿರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಹತ್ತುವ ಮೊದಲು ತಲೆ ಎಣಿಸಿ, ತಳದಲ್ಲಿ ನೀರು ಕಂಡರೆ ಇಳಿದುಬಿಡಿ ಅಂತ ಹೇಳಿ. ಕೊಟ್ಟ ದುಡ್ಡು ಹೋದರೆ ಹೋಗಲಿ. ಊರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಅವರ ಸೀಟು ಖಾಲಿ ಉಳಿಯಬಾರದು.