ಮರೆವಿನ ರೋಗಿಗೆ ಆರೈಕೆಮನೆ: ಏನನ್ನು ನೋಡಿ ಒಪ್ಪಬೇಕು?

ನಮ್ಮ ದೇಶ ಸ್ವತಂತ್ರವಾದ ಕಾಲದಲ್ಲಿ ಇಲ್ಲಿ ಹುಟ್ಟಿದ ಶಿಶುವಿನ ನಿರೀಕ್ಷಿತ ಆಯುಸ್ಸು ಸರಾಸರಿ 32 ವರ್ಷದ ಆಸುಪಾಸಿನಲ್ಲಿತ್ತು. ಇಂದು ಅದು 70ರ ಆಸುಪಾಸಿನಲ್ಲಿದೆ. ಸಿಡುಬು ಅಳಿಯಿತು, ಪ್ಲೇಗು ಹಿಮ್ಮೆಟ್ಟಿತು, ಹೆರಿಗೆಯಲ್ಲಿ ತಾಯಂದಿರು ಸಾಯುವುದು ಬಹುಮಟ್ಟಿಗೆ ತಗ್ಗಿತು. ಬಾಳು ಹೀಗೆ ನೀಳವಾದುದರ ಜೊತೆಗೆ ಮುಪ್ಪಿನ ರೋಗಗಳೂ ಮನೆಯೊಳಗೆ ಕಾಲಿಟ್ಟವು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮುಟ್ಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯ ಎಂಬ ಮರೆವಿನ ರೋಗವಿದೆ. 'ಅರವತ್ತಕ್ಕೆ ಅರಳು ಮರಳು' ಎಂಬ ನಮ್ಮ ಗಾದೆ ಇದನ್ನು ವಯಸ್ಸಿನ ಸಹಜಧರ್ಮವೆಂದು ಎಣಿಸಿತು. ಆದರೆ 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರನು ಟ್ಯೂಬಿಂಗೆನ್ ನಗರದ ಸಭೆಯೊಂದರಲ್ಲಿ ಯಾವ ರೋಗಿಯ ಮಿದುಳಿನ ಗಂಟುಗಳನ್ನೂ ಕಲೆಗಳನ್ನೂ ವರ್ಣಿಸಿದನೋ, ಆಕೆ ಆಸ್ಪತ್ರೆಗೆ ಸೇರಿದಾಗ ಆಕೆಯ ವಯಸ್ಸು 51. ಇದು ಮಿದುಳಿನ ರೋಗ; ಮುಪ್ಪಿನಲ್ಲಿ ಹೆಚ್ಚಾಗಿ ಬರುತ್ತದೆ, ಮುಪ್ಪೇ ಇದಲ್ಲ.

ಮನೆಯ ಹಿರಿಯರಿಗೆ ಈ ರೋಗ ಬಲಿತು, ಹಗಲಿರುಳು ಕಾಯುವುದು ಮನೆಯವರ ಕೈಮೀರಿದಾಗ, ಆರೈಕೆಮನೆಯ ಮಾತು ಬರುತ್ತದೆ. ಆಗ ನಮ್ಮ ಸಮಾಜದಲ್ಲಿ ಏಳುವ ಪ್ರಶ್ನೆ ಒಂದೇ: ಸೇರಿಸಬಹುದೇ, ಸೇರಿಸಬಾರದೇ? ನೆಂಟರು ಒಂದು ಹೇಳುತ್ತಾರೆ, ನೆರೆಯವರು ಇನ್ನೊಂದು ಹೇಳುತ್ತಾರೆ. 'ಹೆತ್ತವರನ್ನು ಹೊರಗೆ ಹಾಕಿದರು' ಎಂಬ ಮಾತು ಬೀದಿಯ ಕೊನೆಯವರೆಗೂ ಮುಟ್ಟುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಆಯಾ ಮನೆಯವರೇ ಕಂಡುಕೊಳ್ಳಬೇಕು. ನನ್ನ ಆಕ್ಷೇಪ ಬೇರೆ. ಈ ಒಂದು ಪ್ರಶ್ನೆಯ ಕಾವಿನಲ್ಲಿ ಎರಡನೆಯ ಪ್ರಶ್ನೆ, ಎಂದರೆ ಯಾವ ಮನೆಗೆ ಸೇರಿಸಬೇಕು, ಅದರ ಗುಣವನ್ನು ಹೇಗೆ ಅಳೆಯಬೇಕು ಎಂಬುದು, ಸುಟ್ಟು ಬೂದಿಯಾಗುತ್ತದೆ. ನಾಚಿಕೆಯಿಂದ ಅವಸರ ಹುಟ್ಟುತ್ತದೆ. ಅವಸರದಲ್ಲಿ ಹೋದವರು ಕಟ್ಟಡವನ್ನು ನೋಡುತ್ತಾರೆ, ವ್ಯವಸ್ಥಾಪಕರ ನಯವಾದ ಮಾತನ್ನು ಕೇಳುತ್ತಾರೆ, ಮುಂಗಡ ಕಟ್ಟಿ ಬರುತ್ತಾರೆ. ಹಸುವನ್ನು ಕೊಳ್ಳುವಾಗ ಹಲ್ಲು, ಕೆಚ್ಚಲು, ಸುಳಿಯವರೆಗೆ ಪರೀಕ್ಷಿಸುವ ಜನ ನಾವು. ತಾಯಿಯನ್ನು ಬಿಟ್ಟುಬರುವ ಮನೆಯನ್ನು ಅರ್ಧ ಗಂಟೆಯಲ್ಲಿ ಒಪ್ಪುತ್ತೇವೆ.

ಪರೀಕ್ಷಿಸಬೇಕಾದುದು ಏನು ಎಂಬುದನ್ನು ತಿಳಿಯಲು ಈ ರೋಗ ಏನನ್ನು ಕೊಂಡೊಯ್ಯುತ್ತದೆ, ಏನನ್ನು ಉಳಿಸುತ್ತದೆ ಎಂಬುದನ್ನು ಮೊದಲು ಅರಿಯಬೇಕು. ಆಲ್ಝೈಮರನ ರೋಗದಲ್ಲಿ ಬಹು ಬೇಗ ಪೆಟ್ಟು ತಿನ್ನುವುದು ಮಿದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳು. ಹೊಸ ಘಟನೆಗಳು ನೆನಪಾಗಿ ನೆಲೆಗೊಳ್ಳುವುದಕ್ಕೆ ಇವು ಬೇಕು. ಆದುದರಿಂದಲೇ ಬೆಳಗಿನ ಉಪಾಹಾರವನ್ನು ಮರೆತವರು ಬಾಲ್ಯದ ಊರಿನ ಕೆರೆಯನ್ನು ವರ್ಣಿಸಬಲ್ಲರು. ಆದರೆ ನೆನಪಿನ ಬಗೆ ಒಂದೇ ಅಲ್ಲ. ಜಿನೀವದ ಕ್ಲಪಾರೆಡ್ ಎಂಬ ವೈದ್ಯನು 1911ರಲ್ಲಿ ಒಂದು ವಿಚಿತ್ರ ಪರೀಕ್ಷೆಯನ್ನು ವರದಿಮಾಡಿದನು. ಬೇರೊಂದು ಕಾರಣದಿಂದ ಸ್ಮೃತಿ ಕೆಟ್ಟಿದ್ದ ರೋಗಿಯೊಬ್ಬಳಿಗೆ ಆತನ ಪರಿಚಯ ದಿನವೂ ಹೊಸದೇ. ಒಂದು ದಿನ ಆತ ಅಂಗೈಯಲ್ಲಿ ಗುಂಡುಸೂಜಿಯನ್ನು ಮರೆಮಾಡಿಕೊಂಡು ಆಕೆಯ ಕೈ ಕುಲುಕಿದ. ಮರುದಿನ ಆಕೆಗೆ ಅದಾವುದೂ ನೆನಪಿರಲಿಲ್ಲ. ಆದರೂ ಕೈ ನೀಡಲು ಒಪ್ಪಲಿಲ್ಲ! ಏಕೆಂದು ಕೇಳಿದರೆ ಸರಿಯಾದ ಕಾರಣ ಹೇಳಲು ಆಕೆಗೆ ಆಗಲಿಲ್ಲ. (ಇಂದಿನ ಯಾವ ಆಸ್ಪತ್ರೆಯೂ ಇಂಥ ಪರೀಕ್ಷೆಗೆ ಅನುಮತಿ ಕೊಡಲಾರದು, ಕೊಡಲೂಬಾರದು.)

ಒಂದು ಶತಮಾನದ ತರುವಾಯ, 2014ರಲ್ಲಿ, ಅಮೆರಿಕದ ಅಯೋವ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರನ ರೋಗಿಗಳಿಗೇ ಕೆಲವು ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಕೆಲವು ದುಃಖದವು, ಕೆಲವು ನಗೆಯವು. ಸ್ವಲ್ಪ ಹೊತ್ತಿನಲ್ಲೇ ರೋಗಿಗಳು ಚಿತ್ರದ ಸಂಗತಿಗಳನ್ನು ಬಹುಪಾಲು ಮರೆತರು. ಆದರೆ ಚಿತ್ರ ಎಬ್ಬಿಸಿದ ದುಃಖವಾಗಲಿ ಸಂತೋಷವಾಗಲಿ ಅದರೊಡನೆ ಅಳಿಯಲಿಲ್ಲ. ಕಾರಣ ಮರೆತುಹೋಗಿದ್ದರೂ ದುಃಖ ಉಳಿದಿತ್ತು. 'ಅಜ್ಜಿಗೆ ಏನೂ ನೆನಪಿರುವುದಿಲ್ಲವಲ್ಲ, ಹೇಗೆ ನೋಡಿಕೊಂಡರೇನು' ಎಂದು ನಮ್ಮ ಮನಸ್ಸಿನ ಮೂಲೆಯಲ್ಲಿ ಸುಳಿಯುವ ಸಮಾಧಾನಕ್ಕೆ ವಿಜ್ಞಾನದ ಆಧಾರವಿಲ್ಲ. ಬೆಳಿಗ್ಗೆ ಗದರಿಸಿಕೊಂಡವರು ಮಧ್ಯಾಹ್ನ ಗದರಿಕೆಯನ್ನು ಮರೆತಿರಬಹುದು. ನಡುಕ ಇದ್ದೇ ಇರುತ್ತದೆ. ಆರೈಕೆಮನೆಯ ಗುಣವೆಂದರೆ ಅಲ್ಲಿನವರ ಮಾತು, ಮುಟ್ಟುವ ರೀತಿ, ಕಾಯುವ ತಾಳ್ಮೆ. ಇವನ್ನು ಕರಪತ್ರದಲ್ಲಿ ಓದಿ ತಿಳಿಯಲಾಗದು, ಕುಳಿತು ನೋಡಬೇಕು.

ಕುಳಿತು ನೋಡುವುದಕ್ಕೂ ಒಂದು ವಿಧಾನವುಂಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಮತ್ತು ಅವರ ಸಂಗಡಿಗರು ರೂಪಿಸಿದ ಪದ್ಧತಿಯಲ್ಲಿ, ತರಬೇತಾದ ವೀಕ್ಷಕನೊಬ್ಬ ಪಡಸಾಲೆಯಲ್ಲಿ ಗಂಟೆಗಟ್ಟಲೆ ಕುಳಿತು, ಐದು ನಿಮಿಷಕ್ಕೊಮ್ಮೆ ಪ್ರತಿಯೊಬ್ಬ ರೋಗಿಯೂ ಏನು ಮಾಡುತ್ತಿದ್ದಾನೆ, ಅವನ ಮುಖಭಾವ ಹೇಗಿದೆ ಎಂಬುದನ್ನು ಸಂಕೇತಾಕ್ಷರಗಳಲ್ಲಿ ಗುರುತುಹಾಕುತ್ತಾನೆ. ಅಷ್ಟು ಕಟ್ಟುನಿಟ್ಟಾಗಿ ನಮಗೆ ಸಾಧ್ಯವಿಲ್ಲ. ಆದರೆ ಅದರ ಸರಳ ರೂಪವನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಲ್ಲ. ಹಣದ ಚಿಂತೆಯಲ್ಲಿರುವ ತಂದೆತಾಯಿಗಳಿಗಿಂತ ನೀವೇ ಈ ಕೆಲಸಕ್ಕೆ ತಕ್ಕವರು ಎಂದು ನನ್ನ ಅಭಿಪ್ರಾಯ. ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನು ನಿಮಿಷ ನಿಮಿಷಕ್ಕೂ ನೋಡಿ ಬರೆದಿಡುವುದು ನಿಮಗೆ ರೂಢಿಯಷ್ಟೆ. ವ್ಯವಸ್ಥಾಪಕರ ಅನುಮತಿ ಪಡೆದು, ಯಾರ ಹೆಸರನ್ನೂ ಬರೆಯದೆ, ಯಾರ ಚಿತ್ರವನ್ನೂ ತೆಗೆಯದೆ, ಪಡಸಾಲೆಯ ಒಂದು ಮೂಲೆಯಲ್ಲಿ ಎರಡು ಗಂಟೆ ಕುಳಿತುಕೊಳ್ಳಿರಿ. ಮೂವರನ್ನು ಆರಿಸಿಕೊಳ್ಳಿರಿ. ಅದರಲ್ಲಿ ಒಬ್ಬರಾದರೂ ಮಾತಿಲ್ಲದೆ ಮೂಲೆ ಹಿಡಿದವರಾಗಿರಲಿ. ನಗುನಗುತ್ತ ಎದುರುಬರುವವರನ್ನು ಯಾವ ಮನೆಯಲ್ಲಾದರೂ ಮಾತನಾಡಿಸುತ್ತಾರೆ. ಎರಡು ಗಂಟೆಗೆ ಒಬ್ಬೊಬ್ಬರದು 24 ಸಾಲು. ಅದರಲ್ಲಿ 'ಗೋಡೆಯನ್ನು ನೋಡುತ್ತ ಕುಳಿತಿದ್ದಾರೆ' ಎಂಬುದು ಎಷ್ಟು ಸಾಲು? 'ಏಳಿ, ತಿನ್ನಿ, ಬನ್ನಿ' ಎಂಬ ಅಪ್ಪಣೆಯಲ್ಲದ ಒಂದು ಮಾತನ್ನು ಯಾರಾದರೂ ಆಡಿದ್ದು ಎಷ್ಟು ಸಾಲು? ಟೆಲಿವಿಷನ್ ಮಾತನಾಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿರಿ.

ಹೋಗಬೇಕಾದ ಹೊತ್ತು ಸಂಜೆ ನಾಲ್ಕೂವರೆಯಿಂದ ಆರೂವರೆ. ಸಾಮಾನ್ಯವಾಗಿ ಮನೆಯವರನ್ನು ಕರೆಯುವುದು ಬೆಳಿಗ್ಗೆ ಹತ್ತು ಗಂಟೆಗೆ. ಆಗ ಸ್ನಾನವಾಗಿರುತ್ತದೆ, ನೆಲ ಒರೆಸಿರುತ್ತದೆ, ಎಲ್ಲರೂ ಶಾಂತರಾಗಿರುತ್ತಾರೆ. ಮರೆವಿನ ರೋಗಿಗಳಲ್ಲಿ ಅನೇಕರಿಗೆ ಹೊತ್ತು ಇಳಿಯುತ್ತಿದ್ದಂತೆ ತಳಮಳ ಹೆಚ್ಚುತ್ತದೆ. 'ಮನೆಗೆ ಹೋಗಬೇಕು, ದನ ಕಟ್ಟಬೇಕು, ಮಕ್ಕಳು ಶಾಲೆಯಿಂದ ಬರುವ ಹೊತ್ತು' ಎಂದು ಬಾಗಿಲಿಗೆ ಬರುತ್ತಾರೆ. ಹಗಲಿರುಳಿನ ಲಯವನ್ನು ಕಾಯುವ ಮಿದುಳಿನ ಕೇಂದ್ರಕ್ಕೂ ಈ ರೋಗದ ಪೆಟ್ಟು ತಗಲುವುದು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ. ಬೆಳಕಿಗೂ ಇಲ್ಲಿ ಪಾತ್ರವಿದೆ. ನೆದರ್ಲೆಂಡಿನ 12 ಆರೈಕೆಮನೆಗಳ 189 ನಿವಾಸಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಡಸಾಲೆಯಲ್ಲಿ ಹಗಲಿಡೀ ಸುಮಾರು 1,000 ಲಕ್ಸ್ ಬೆಳಕನ್ನು ಒದಗಿಸಿದಾಗ ಖಿನ್ನತೆಯ ಲಕ್ಷಣಗಳು ನೂರಕ್ಕೆ 19ರಷ್ಟು ತಗ್ಗಿದವು. ನಿಮ್ಮ ಕಿಸೆಯ ಮೊಬೈಲಿನಲ್ಲೇ ಬೆಳಕನ್ನು ಸ್ಥೂಲವಾಗಿ ಅಳೆಯುವ ಸೌಕರ್ಯವಿದೆ. ಕತ್ತಲೆಗವಿದ ಪಡಸಾಲೆಗೂ ಕಿಟಕಿ ತೆರೆದ ಪಡಸಾಲೆಗೂ ಇರುವ ಅಂತರವನ್ನು ಅಂಕಿಯಲ್ಲಿ ಕಂಡು ನೀವೇ ಬೆರಗಾಗುವಿರಿ.

ಹೀಗೆ ಬಾಗಿಲಿಗೆ ಬಂದ ರೋಗಿಗೆ ಆ ಮನೆಯವರು ಏನು ಮಾಡುತ್ತಾರೆ? ಎಲ್ಲ ಪರೀಕ್ಷೆಗಳಲ್ಲಿ ಮುಖ್ಯವಾದುದು ಇದೇ. ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು, 'ದನಕ್ಕೆ ಹೆಸರೇನಿಟ್ಟಿದ್ದಿರಿ' ಎಂದು ಕೇಳಿ, ಒಳಗೆ ಕರೆತರುವವರಿದ್ದಾರೆ. ಗುಳಿಗೆ ಕೊಟ್ಟು ಮಲಗಿಸುವವರೂ ಇದ್ದಾರೆ. ಆ ಗುಳಿಗೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ತೀವ್ರ ಚಿತ್ತವಿಕಾರಗಳಿಗೆಂದು ತಯಾರಾದ ಆಂಟಿಸೈಕಾಟಿಕ್ ಔಷಧಗಳನ್ನು ಮರೆವಿನ ರೋಗಿಗಳನ್ನು ಸುಮ್ಮನಿರಿಸಲು ಬಳಸುವ ವಾಡಿಕೆ ಹಲವು ದೇಶಗಳಲ್ಲಿ ಬೆಳೆಯಿತು. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 17 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿತು. ಸುಮಾರು ಹತ್ತು ವಾರಗಳ ಅವಧಿಯಲ್ಲಿ, ಹುಸಿಗುಳಿಗೆ ಪಡೆದವರಲ್ಲಿ ಸತ್ತವರು ನೂರಕ್ಕೆ 2.6, ಈ ಹೊಸ ತಲೆಮಾರಿನ ಔಷಧಗಳನ್ನು ಪಡೆದವರಲ್ಲಿ ನೂರಕ್ಕೆ 4.5. ಔಷಧದ ಹಾಳೆಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಚ್ಚಾಯಿತು. 2008ರಲ್ಲಿ ಹಳೆಯ ಔಷಧಗಳಿಗೂ ಅದು ವಿಸ್ತರಿಸಿತು. ಬ್ರಿಟನ್ ಸರ್ಕಾರಕ್ಕಾಗಿ 2009ರಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿಯವರು ಸಿದ್ಧಪಡಿಸಿದ ವರದಿಯ ಅಂದಾಜು ಇನ್ನೂ ಸ್ಪಷ್ಟ: ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,80,000 ಮರೆವಿನ ರೋಗಿಗಳಿಗೆ ಇವನ್ನು ಕೊಡಲಾಗುತ್ತಿತ್ತು; ಅದರಿಂದ ಏನಾದರೂ ಲಾಭ ಪಡೆದವರು 36,000 ಮಂದಿ; ಹೆಚ್ಚುವರಿ ಸಾವುಗಳು ಸುಮಾರು 1,800. ಕೆಲವು ರೋಗಿಗಳಿಗೆ ಈ ಔಷಧ ನಿಜವಾಗಿಯೂ ಬೇಕಾಗುತ್ತದೆ. ವೈದ್ಯರು ಕೊಟ್ಟುದನ್ನು ಮನೆಯವರು ತಾವಾಗಿ ನಿಲ್ಲಿಸಕೂಡದು. ಆದರೆ ಇಲ್ಲಿ ಎಷ್ಟು ಮಂದಿಗೆ ಇದನ್ನು ಕೊಡುತ್ತಿದ್ದೀರಿ, ಯಾರು ಬರೆದುಕೊಟ್ಟರು, ಎಷ್ಟು ವಾರಕ್ಕೊಮ್ಮೆ ಮರುಪರಿಶೀಲನೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ತಳಮಳದ ಹಿಂದೆ ಬರಿಯ ನೋವೂ ಅಡಗಿರಬಹುದು. ಮೊಣಕಾಲು ನೋಯುತ್ತದೆ, ಹಲ್ಲು ನೋಯುತ್ತದೆ, ಮಲಬದ್ಧತೆಯಿದೆ, ಹೇಳಲು ಮಾತಿಲ್ಲ. ನಾರ್ವೆಯ 18 ಆರೈಕೆಮನೆಗಳಲ್ಲಿ 352 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂಟು ವಾರ ಕ್ರಮಬದ್ಧವಾಗಿ ನೋವಿಗೆ ಚಿಕಿತ್ಸೆ ಮಾಡಿದಾಗ, ಅದೂ ಬಹುಮಂದಿಗೆ ಕೇವಲ ಪ್ಯಾರಾಸಿಟಮಾಲ್ ಕೊಟ್ಟಾಗ, ತಳಮಳ ನೂರಕ್ಕೆ 17ರಷ್ಟು ಇಳಿಯಿತು. ಆದುದರಿಂದ 'ಅಜ್ಜ ಕೂಗಾಡಿದರೆ ಮೊದಲು ಏನು ನೋಡುತ್ತೀರಿ' ಎಂದು ವ್ಯವಸ್ಥಾಪಕರನ್ನಲ್ಲ, ಆರೈಕೆ ಮಾಡುವ ಹುಡುಗಿಯನ್ನು ಕೇಳಿರಿ. ಹಸಿವು, ನೋವು, ಮೂತ್ರದ ಉರಿ ಎಂದು ಆಕೆ ಬೆರಳು ಮಡಿಸಿ ಎಣಿಸಿದರೆ ಆ ಮನೆಯಲ್ಲಿ ಯಾರೋ ಆಕೆಗೆ ಕಲಿಸಿದ್ದಾರೆ.

ಕುರ್ಚಿಗೆ ಸೀರೆಯ ತುಂಡಿನಿಂದ ಕಟ್ಟಿದವರು ಕಣ್ಣಿಗೆ ಬಿದ್ದರೆ 'ಬೀಳದಿರಲೆಂದು' ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸ್ಮರಣೆಯ ತೀವ್ರ ವಿಕಾರವನ್ನೂ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಒಡನೆಯೇ ಒದಗುವ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ, ಅತ್ಯಗತ್ಯವಾದಷ್ಟು ಹೊತ್ತು ಮಾತ್ರ ಕಟ್ಟಬಹುದೆಂದೂ, ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ಕಟ್ಟಕೂಡದೆಂದೂ ಅದು ವಿಧಿಸುತ್ತದೆ. ಈ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಕೇಳುವುದು ಒಳ್ಳೆಯದು. ರಾತ್ರಿ ಎಚ್ಚರವಾಗಿರುವವರು ಎಷ್ಟು ಮಂದಿ ಎಂಬುದನ್ನೂ ಕೇಳಿರಿ. ಹಗಲಿನ ಲೆಕ್ಕ ಯಾರಾದರೂ ಹೇಳುತ್ತಾರೆ.

ಊಟದ ಹೊತ್ತಿಗೆ ಇನ್ನೊಮ್ಮೆ ಹೋಗಬೇಕು. ರೋಗ ಬಲಿತಂತೆ ನುಂಗುವುದು ಕಷ್ಟವಾಗುತ್ತದೆ. ಅವಸರದಲ್ಲಿ ತುರುಕಿದ ತುತ್ತು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯ ತರಬಲ್ಲುದು. ಉಣಿಸುವವರು ನಿಂತಿದ್ದಾರೆಯೇ, ಎದುರು ಕುಳಿತಿದ್ದಾರೆಯೇ? ಬಾಸ್ಟನ್ನಿನ ಒಂದು ಸಣ್ಣ ಅಧ್ಯಯನದಲ್ಲಿ (2004) ಬಿಳಿಯ ತಟ್ಟೆ ಲೋಟಗಳ ಬದಲು ಗಾಢ ಬಣ್ಣದವನ್ನು ಇಟ್ಟಾಗ ರೋಗಿಗಳು ನೂರಕ್ಕೆ 25ರಷ್ಟು ಹೆಚ್ಚು ಆಹಾರವನ್ನೂ 84ರಷ್ಟು ಹೆಚ್ಚು ಪಾನೀಯವನ್ನೂ ಸೇವಿಸಿದರು. ಒಂಬತ್ತೇ ಮಂದಿಯ ಮೇಲಿನ ಪರೀಕ್ಷೆಯಾದುದರಿಂದ ಇದನ್ನು ಸಿದ್ಧಾಂತವೆಂದು ಹಿಡಿಯಲಾಗದು. ಆದರೂ ಬಿಳಿ ತಟ್ಟೆಯಲ್ಲಿ ಮೊಸರನ್ನವನ್ನು ಬಡಿಸುವ ನಮ್ಮವರು ಯೋಚಿಸಬೇಕಾದ ವಿಷಯ. ತಿಂಗಳ ತಿಂಗಳ ತೂಕವನ್ನು ಬರೆದಿಟ್ಟ ಪುಸ್ತಕವನ್ನು ತೋರಿಸುವಂತೆ ಕೇಳಿರಿ; ಕರಪತ್ರದ ಹತ್ತು ಪುಟ ಹೇಳದುದನ್ನು ಆ ಒಂದು ಪುಟ ಹೇಳುತ್ತದೆ.

ಭಾಷೆಯ ಮಾತು ನಮ್ಮಲ್ಲಿ ವಿಶೇಷವಾಗಿ ಏಳುತ್ತದೆ. ಬೆಂಗಳೂರಿನಂಥ ನಗರದಲ್ಲಿ ಆರೈಕೆಯ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರು ಅನೇಕರು. ತಾಳ್ಮೆಯಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಆದರೆ ರೋಗ ಮುಂದುವರಿದಂತೆ, ತಡವಾಗಿ ಕಲಿತ ಭಾಷೆ ಮೊದಲು ಸಡಿಲಗೊಂಡು ತಾಯ್ನುಡಿಯೊಂದೇ ಉಳಿಯುವುದು ಎಷ್ಟೋ ರೋಗಿಗಳಲ್ಲಿ ಕಾಣುತ್ತದೆ. ಜೀವಮಾನವಿಡೀ ಕಛೇರಿಯಲ್ಲಿ ಇಂಗ್ಲಿಷ್ ಆಡಿದ ಅಜ್ಜ ಈಗ ಹವ್ಯಕ ಕನ್ನಡವನ್ನೋ ತುಳುವನ್ನೋ ಮಾತ್ರ ಆಡುತ್ತಿರಬಹುದು. 'ನೀರಡಿಕೆ' ಎಂದು ಧಾರವಾಡದ ಅಜ್ಜಿ ಹೇಳಿದರೆ ಅರಿಯುವವರು ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕು.

ಸೇರಿಸುವ ಮುನ್ನ ಮನೆಯವರೆಲ್ಲ ಕೂಡಿ ಒಂದು ಹಾಳೆ ಬರೆಯಿರಿ: ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಕಾಫಿಗೆ ಸಕ್ಕರೆ ಎಷ್ಟು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಯಾವ ಮಾತೆತ್ತಿದರೆ ಅಳುತ್ತಾರೆ, ಯಾವ ಹಾಡಿಗೆ ತಲೆದೂಗುತ್ತಾರೆ. ಅದನ್ನು ಕೊಟ್ಟು ಹದಿನೈದು ದಿನದ ಮೇಲೆ, ಮುಂಚೆ ತಿಳಿಸದೆ, ಸಂಜೆ ಹೋಗಿ, ಆ ಪಾಳಿಯಲ್ಲಿರುವ ಯಾರನ್ನಾದರೂ ಕಾಫಿಯ ಸಕ್ಕರೆಯ ವಿಷಯ ಕೇಳಿರಿ.