ಕಾನೂನಿಗೆ 100, ಕಾರಿಗೆ 180: ನಡುವಿನ ಎಂಬತ್ತು ಯಾರ ಹೊಣೆ?

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಅಂಗಳದಲ್ಲಿ ಹೊಸ ಕಾರೊಂದರ ಆಶೀರ್ವಚನ ನಡೆಯಿತು. ಹೂವಿನ ಹಾರ, ಪವಿತ್ರ ಜಲ, ಪ್ರಾರ್ಥನೆ, ಕೊನೆಗೆ ಎಲ್ಲರಿಗೂ ಸಿಹಿತಿಂಡಿ. ಅಷ್ಟರಲ್ಲಿ ಕ್ರಿಸ್ತೋಪದೇಶಕ್ಕೆ ಬರುವ ಹುಡುಗನೊಬ್ಬ ಕಿಟಕಿಯಿಂದ ಒಳಗೆ ಇಣುಕಿ, "ಫಾದರ್, ಹೈವೇ ಬೋರ್ಡಲ್ಲಿ 80 ಅಂತ ಉಂಟು. ಈ ಕಾರಿನ ಮೀಟರಲ್ಲಿ 220 ಉಂಟಲ್ಲ, ಅದು ಎಂತಕ್ಕೆ?" ಎಂದು ಕೇಳಿಯೇ ಬಿಟ್ಟ. ಫಾದರ್ ನಕ್ಕು, "ಅದನ್ನು ಕಾರು ಮಾಡಿದವರಲ್ಲಿ ಕೇಳಬೇಕು ಮಗಾ" ಎಂದರು. ಸುತ್ತ ನಿಂತವರೂ ನಕ್ಕರು. ಆದರೆ ಉತ್ತರ ಯಾರ ಬಳಿಯೂ ಇರಲಿಲ್ಲ.

ಮಗುವಿನ ಪ್ರಶ್ನೆ ನಗುವಂಥದ್ದಲ್ಲ. ಕಾನೂನು ಬೇಡವೆನ್ನುವ ವೇಗದಲ್ಲಿ ಓಡುವ ವಾಹನವನ್ನು ಅದೇ ಕಾನೂನಿನ ಅಡಿಯಲ್ಲಿಯೇ ತಯಾರಿಸಿ, ಮಾರಿ, ನೋಂದಣಿ ಮಾಡಿಕೊಡಲಾಗುತ್ತದೆ. ಓಡಿಸಿದವನಿಗೆ ಮಾತ್ರ ದಂಡ. ಈ ವಿರೋಧಾಭಾಸ ಎಲ್ಲಿಂದ ಬಂತು?

ಸಂಖ್ಯೆಗಳು ಹೇಳುವ ಸತ್ಯ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಮಂದಿ ಸತ್ತರು. ಈ ಸಾವುಗಳಲ್ಲಿ ಶೇಕಡಾ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ದಾಖಲಿಸಿದೆ. ಸತ್ತವರಲ್ಲಿ ಶೇಕಡಾ 44.5 ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು, ಶೇಕಡಾ 19.5 ಮಂದಿ ಪಾದಚಾರಿಗಳು. ಅಂದರೆ ಸತ್ತ ಪ್ರತಿ ಹತ್ತು ಮಂದಿಯಲ್ಲಿ ಆರಕ್ಕಿಂತ ಹೆಚ್ಚು ಜನ ಏರ್‌ಬ್ಯಾಗ್ ಆಗಲಿ, ಉಕ್ಕಿನ ಕವಚವಾಗಲಿ ಇಲ್ಲದವರು. ಬೆಳಗಿನ ಪೂಜೆಗೆ ಹೆದ್ದಾರಿ ದಾಟುವ ಅಜ್ಜಿ, ಮೀನು ಮಾರಿ ಸ್ಕೂಟರಿನಲ್ಲಿ ಮನೆಗೆ ಮರಳುವವರು, ಶಾಲೆಗೆ ನಡೆದು ಹೋಗುವ ಮಕ್ಕಳು ಈ ಲೆಕ್ಕದಲ್ಲಿ ಸೇರುತ್ತಾರೆ.

ಕಾನೂನು ಏನನ್ನುತ್ತದೆ? 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಕಾರುಗಳ ಗರಿಷ್ಠ ವೇಗವನ್ನು ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 120 ಕಿ.ಮೀ., ವಿಭಜಕವಿರುವ ಚತುಷ್ಪಥಗಳಲ್ಲಿ 100, ಪಟ್ಟಣದ ಹಾಗೂ ಇತರ ರಸ್ತೆಗಳಲ್ಲಿ 70 ಎಂದು ನಿಗದಿಪಡಿಸಿತು. ರಸ್ತೆಗಳು ಸುಧಾರಿಸಿವೆ, ಎಂಜಿನ್ ತಂತ್ರಜ್ಞಾನ ಮುಂದುವರಿದಿದೆ ಎಂಬುದು ಅದರ ಹಿಂದಿನ ವಾದ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಈ ಅಧಿಸೂಚನೆಯನ್ನೇ ರದ್ದುಪಡಿಸಿತು. ಎಂಜಿನ್ ಎಷ್ಟೇ ಉತ್ತಮವಾದರೂ ಓಡಿಸುವವರ ಶಿಸ್ತು ಸುಧಾರಿಸದೆ ವೇಗ ಹೆಚ್ಚಿಸುವುದು ಸರಿಯಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಸರಕಾರ ಹೇಳಿದ ಅತಿ ಹೆಚ್ಚಿನ ಸಂಖ್ಯೆಯೇ 120. ಇಂದು ಸಾಧಾರಣ ಕುಟುಂಬವೊಂದು ಸಾಲ ಮಾಡಿ ಕೊಳ್ಳುವ ಚಿಕ್ಕ ಕಾರು ಕೂಡ 140ನ್ನು ಸುಲಭವಾಗಿ ದಾಟುತ್ತದೆ. ಸ್ವಲ್ಪ ದೊಡ್ಡದಾದರೆ 180.

ತಯಾರಕರ ಉತ್ತರ

ಎಂಜಿನಿಯರುಗಳನ್ನು ಕೇಳಿದರೆ ಮೊದಲ ಉತ್ತರ ಶಿರಾಡಿ ಘಾಟಿಯಲ್ಲಿ ಸಿಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲೂ. ಹೀಗೆ ಏರು ಹತ್ತುವಾಗ ಲಾರಿಯೊಂದನ್ನು ಸುರಕ್ಷಿತವಾಗಿ ಹಿಂದಿಕ್ಕಬೇಕಾದರೆ ಎಂಜಿನ್‌ನಲ್ಲಿ ಮಿಗಿತಾಯದ ಶಕ್ತಿ ಇರಲೇಬೇಕು. ಅದೇ ಶಕ್ತಿ ಒಬ್ಬನೇ ಕೂತು ಸಮತಟ್ಟು ರಸ್ತೆಯಲ್ಲಿ ಹೋಗುವಾಗ ಕಾರನ್ನು 160ಕ್ಕೆ ಒಯ್ಯುತ್ತದೆ. ಇದರಲ್ಲಿ ಸತ್ಯವಿದೆ. ಸದಾ ತನ್ನ ಪೂರ್ಣ ಶಕ್ತಿಯಲ್ಲಿ ದುಡಿಯುವ ಎಂಜಿನ್ ಬೇಗ ಸವೆಯುತ್ತದೆ, ಹೆಚ್ಚು ಸದ್ದು ಮಾಡುತ್ತದೆ ಎನ್ನುವುದೂ ನಿಜ.

ಎರಡನೆಯದು ಮಾರುಕಟ್ಟೆ. ಒಂದೇ ಮಾದರಿ ಹಲವು ದೇಶಗಳಲ್ಲಿ ಮಾರಾಟವಾಗುತ್ತದೆ. ಜರ್ಮನಿಯ ಆಟೋಬಾನ್ ಹೆದ್ದಾರಿಯ ಅನೇಕ ಭಾಗಗಳಲ್ಲಿ ಇಂದಿಗೂ ಕಡ್ಡಾಯ ಮಿತಿ ಇಲ್ಲ, 130 ಎಂಬುದು ಸಲಹೆ ಮಾತ್ರ. ಪ್ರತಿ ದೇಶಕ್ಕೂ ಬೇರೆ ಎಂಜಿನ್ ಮಾಡುವುದು ಕಂಪನಿಗಳಿಗೆ ದುಬಾರಿ. ಮೀಟರಿನ ಸಂಖ್ಯೆಯೂ ಹಲವು ಮಾದರಿಗಳಿಗೆ ಒಂದೇ ಆಗಿರುವುದುಂಟು. ಮೀಟರಿನಲ್ಲಿ 220 ಇದ್ದ ಮಾತ್ರಕ್ಕೆ ಕಾರು ಅಷ್ಟು ಓಡುತ್ತದೆ ಎಂದೇನೂ ಅಲ್ಲ.

ಮೂರನೆಯದು, ಮಿತಿ ಎಂಬುದು ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ. ಕಾರನ್ನು 100ಕ್ಕೆ ಕಟ್ಟಿಹಾಕಿದರೂ ಶಾಲೆಯ ಮುಂದೆ 70ರಲ್ಲಿ ಓಡಿಸುವವನನ್ನು ಅದು ತಡೆಯುವುದಿಲ್ಲ. ಈ ಮಾತನ್ನೂ ಒಪ್ಪಬೇಕು.

ಆದರೆ ನಾಲ್ಕನೆಯ ಕಾರಣವನ್ನು ತಯಾರಕರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ವೇಗ ಮಾರಾಟವಾಗುತ್ತದೆ! ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದು ಜಾಹೀರಾತಿನ ಮಾತು. ಖಾಲಿ ರಸ್ತೆ, ತಿರುವು, ಗಾಳಿಯಂತೆ ಹಾರುವ ಕಾರು. ಆ ಜಾಹೀರಾತುಗಳಲ್ಲಿ ರಸ್ತೆ ದಾಟುವ ಅಜ್ಜಿಯನ್ನು ನಾವು ಕಂಡದ್ದಿಲ್ಲ.

ಶತಮಾನದ ಹಳೆಯ ಜಗಳ

ಈ ಪ್ರಶ್ನೆ ಹೊಸದಲ್ಲ. 1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಮಕ್ಕಳ ಸಾವುಗಳಿಂದ ನೊಂದ ಜನ, ನಗರದ ಪ್ರತಿ ಕಾರಿಗೂ 25 ಮೈಲು, ಅಂದರೆ ಸುಮಾರು 40 ಕಿ.ಮೀ. ಮೀರದಂತೆ ಯಾಂತ್ರಿಕ ನಿಯಂತ್ರಕ ಅಳವಡಿಸಬೇಕೆಂದು ಒತ್ತಾಯಿಸಿದರು. 42,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ವಾಹನ ಉದ್ಯಮ ಹಣ ಸುರಿದು ವಿರುದ್ಧ ಪ್ರಚಾರ ನಡೆಸಿತು. ಮತದಾನದಲ್ಲಿ ಪ್ರಸ್ತಾಪ ಸೋತಿತು. ದೋಷ ಯಂತ್ರದ್ದಲ್ಲ, ಅಜಾಗರೂಕ ಚಾಲಕನದ್ದು, ಎಚ್ಚರವಿಲ್ಲದೆ ದಾಟುವವನದ್ದು ಎಂಬ ವಾದ ಅಂದಿನಿಂದ ಗಟ್ಟಿಯಾಯಿತು. ಇಂದಿಗೂ ನಾವು ಅದೇ ವಾದದ ನೆರಳಿನಲ್ಲಿದ್ದೇವೆ.

ಹಾಗಾದರೆ ತಯಾರಕರನ್ನು ಕಾನೂನು ಕಟ್ಟಿಹಾಕಲಾರದೇ? ಖಂಡಿತ ಕಟ್ಟಬಲ್ಲದು, ಕಟ್ಟಿದೆ ಕೂಡ. ನಮ್ಮಲ್ಲಿ 2015ರ ಅಕ್ಟೋಬರ್ ನಂತರ ತಯಾರಾದ ಬಸ್ಸು, ಲಾರಿ ಮುಂತಾದ ಸಾರಿಗೆ ವಾಹನಗಳಿಗೆ 80 ಕಿ.ಮೀ.ಗೆ ಮಿತಿಗೊಳಿಸುವ ವೇಗ ನಿಯಂತ್ರಕ ಕಡ್ಡಾಯ. ಶಾಲಾ ಬಸ್ಸು, ಟ್ಯಾಂಕರ್, ಡಂಪರ್‌ಗಳಿಗೆ 60. ಬ್ಯಾಟರಿ ಸ್ಕೂಟರುಗಳನ್ನೇ ನೋಡಿ. ಮೋಟಾರು 250 ವ್ಯಾಟ್‌ಗಿಂತ ಹೆಚ್ಚಿಲ್ಲದೆ, ವೇಗ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಆ ರಿಯಾಯಿತಿಗಾಗಿ ತಯಾರಕರೇ ಖುಷಿಯಿಂದ ವೇಗ ಇಳಿಸಿಕೊಟ್ಟರು. ಬಡಪಾಯಿಯ ಸ್ಕೂಟರಿಗೆ, ಲಾರಿಗೆ ಸಾಧ್ಯವಾದದ್ದು ಕಾರಿಗೆ ಮಾತ್ರ ಏಕೆ ಸಾಧ್ಯವಿಲ್ಲ? ಖಾಸಗಿ ಕಾರುಗಳನ್ನು ವೇಗ ನಿಯಂತ್ರಕದ ನಿಯಮದಿಂದ ಹೊರಗಿಡಲಾಗಿದೆ. ಇನ್ನು ಕರಾವಳಿಯ ಬಸ್ಸುಗಳಲ್ಲಿ ಟೈಮಿಂಗಿನ ಪೈಪೋಟಿಯ ನಡುವೆ ಆ ನಿಯಂತ್ರಕ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಮುಂದಿನ ಸೀಟಿನ ಕಂಬಿ ಹಿಡಿದು ಕೂತ ಪ್ರಯಾಣಿಕರೇ ಬಲ್ಲರು!

ಕಾರುಗಳಿಗೆ ನಮ್ಮಲ್ಲಿರುವುದು ಎಚ್ಚರಿಕೆಯ ಸದ್ದು ಮಾತ್ರ. 2019ರ ಜುಲೈಯಿಂದ ಹೊಸ ಕಾರುಗಳು 80 ದಾಟಿದಾಗ ಆಗಾಗ, 120 ದಾಟಿದಾಗ ನಿರಂತರವಾಗಿ ಸದ್ದು ಮಾಡಬೇಕು. ಗಲ್ಫಿನಲ್ಲಿ ಕಾರು ಓಡಿಸಿದ ನಮ್ಮವರಿಗೆ 120ರ ಈ ಗಂಟೆ ಹಳೆಯ ಪರಿಚಯ. ಆದರೆ ಅಲ್ಲಿ ಗಂಟೆಗಿಂತ ಹೆಚ್ಚು ಕೆಲಸ ಮಾಡಿದ್ದು ಕ್ಯಾಮರಾ. ಅಬುಧಾಬಿಯಲ್ಲಿ ಮಿತಿಗಿಂತ 20 ಕಿ.ಮೀ. ಹೆಚ್ಚು ಹೋದರೂ ಬಿಟ್ಟುಬಿಡುವ ಪದ್ಧತಿ ಇತ್ತು. 2018ರ ಆಗಸ್ಟಿನಲ್ಲಿ ಅದನ್ನು ತೆಗೆದುಹಾಕಿ, ಬೋರ್ಡಿನಲ್ಲಿ ಬರೆದದ್ದೇ ಮಿತಿ ಎಂದು ಸಾರಲಾಯಿತು. ಅಲ್ಲಿ ಬೋರ್ಡಿಗೆ ಹೆದರಿ ಓಡಿಸುವವರು ರಜೆಯಲ್ಲಿ ಊರಿಗೆ ಬಂದಾಗ ತಲಪಾಡಿಯಿಂದ ಕುಂದಾಪುರದವರೆಗೆ ಹೇಗೆ ಓಡಿಸುತ್ತಾರೆ ಎಂಬುದನ್ನು ಅವರ ಆತ್ಮಸಾಕ್ಷಿಗೇ ಬಿಡೋಣ.

ಯುರೋಪು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಜಾಣ ವೇಗ ಸಹಾಯಕ ವ್ಯವಸ್ಥೆ ಕಡ್ಡಾಯವಾಗಿದೆ. ಇದು ಕ್ಯಾಮರಾ ಮತ್ತು ನಕ್ಷೆಯ ನೆರವಿನಿಂದ ಆಯಾ ರಸ್ತೆಯ ಮಿತಿಯನ್ನು ತಿಳಿದು ಚಾಲಕನನ್ನು ಎಚ್ಚರಿಸುತ್ತದೆ. ಚಾಲಕ ಅದನ್ನು ಮೀರಬಹುದು, ಆರಿಸಲೂಬಹುದು. ಆದರೆ ಕಾರು ಮತ್ತೆ ಚಾಲೂ ಆದಾಗ ಅದೂ ಮರಳಿ ಎಚ್ಚರಗೊಳ್ಳುತ್ತದೆ. ಮಿತಿ ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ ಎಂಬ ತಯಾರಕರ ನೆಪಕ್ಕೆ ಇಲ್ಲಿ ಉತ್ತರ ಸಿಕ್ಕಂತಾಯಿತು. ಸ್ವೀಡನ್ನಿನ ವೋಲ್ವೋ ಕಂಪನಿ 2020ರಿಂದ ತನ್ನ ಹೊಸ ಕಾರುಗಳನ್ನು ತಾನಾಗಿಯೇ 180ಕ್ಕೆ ಮಿತಿಗೊಳಿಸಿತು. 180 ಕೂಡ ಹೆಚ್ಚೇ. ಆದರೂ ವೇಗದ ಹೊಣೆ ತಯಾರಕರಿಗೂ ಇದೆ ಎಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಸರಳ ಗಣಿತ, ಕಠಿಣ ಪಾಠ

ಎದುರಿಗೆ ಏನೋ ಅಡ್ಡ ಬಂತು ಎನ್ನಿ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳೋಣ. 100 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಕಾರು 28 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಒತ್ತಿದರೂ ನಿಲ್ಲಲು ಇನ್ನೂ ಸುಮಾರು 55 ಮೀಟರ್ ಬೇಕು. ಒಟ್ಟು 83. ಅದೇ 140ರಲ್ಲಿ ಹೋದರೆ ಒಟ್ಟು 147 ಮೀಟರ್. ವೇಗ ಹೆಚ್ಚಿದ್ದು ಶೇಕಡಾ 40, ನಿಲ್ಲುವ ದೂರ ಹೆಚ್ಚಿದ್ದು ಶೇಕಡಾ 77! ನಮ್ಮ ಜೂನ್ ಜುಲೈಯ ಮಳೆಯಲ್ಲಿ ಈ ದೂರ ಇನ್ನೂ ಬೆಳೆಯುತ್ತದೆ. ಸರಾಸರಿ ವೇಗ ಶೇಕಡಾ 1 ಹೆಚ್ಚಿದರೆ ಮಾರಣಾಂತಿಕ ಅಪಘಾತದ ಅಪಾಯ ಶೇಕಡಾ 4 ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

"ನಮ್ಮದು ಐದು ಸ್ಟಾರ್ ಕಾರು, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಎದುರಿನಿಂದ ಗುದ್ದಿಸುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಅದರ ಎರಡರಷ್ಟು, ಅಂದರೆ 128ರಲ್ಲಿ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ನಕ್ಷತ್ರಗಳು ಅಲ್ಲಿ ಬೆಳಗುವುದಿಲ್ಲ.

ಇಷ್ಟಕ್ಕೂ ಉಳಿಯುವ ಸಮಯವೆಷ್ಟು? 60 ಕಿ.ಮೀ. ದಾರಿಯನ್ನು 80ರಲ್ಲಿ ಹೋದರೆ 45 ನಿಮಿಷ, 100ರಲ್ಲಿ ಹೋದರೆ 36. ಹೆಚ್ಚೆಂದರೆ ಒಂಬತ್ತು ನಿಮಿಷ. ಅದರಲ್ಲೂ ನಂತೂರಿನ ಸರ್ಕಲ್ ಅರ್ಧವನ್ನು ನುಂಗಿಬಿಡುತ್ತದೆ.

ನಮ್ಮ ಪಾಲಿನ ಹೊಣೆ

ಬಿಗಿಯಾದರೆ ಬದಲಾವಣೆ ಸಾಧ್ಯವೆಂಬುದನ್ನು ಕರ್ನಾಟಕವೇ ತೋರಿಸಿದೆ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾಲುಸಾಲು ಸಾವುಗಳಾದಾಗ ಪೊಲೀಸರು 100ರ ಮಿತಿಯನ್ನು ಯಂತ್ರಗಳ ಮೂಲಕ ಜಾರಿಗೊಳಿಸಿದರು. ಆಗಸ್ಟಿನಿಂದ ಬೈಕು, ಆಟೋಗಳನ್ನು ಮುಖ್ಯ ಪಥದಿಂದ ದೂರವಿರಿಸಲಾಯಿತು. ಸಾವುಗಳು ಇಳಿದವು. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ಮೀರಿ ಓಡಿಸುವವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸ್ ಇಲಾಖೆ ಘೋಷಿಸಿತು. ಅಂದರೆ 130ರ ಮೇಲೆ ಓಡಿಸುವುದು ಅಪರಾಧ, ಅಲ್ಲಿಗೆ ಓಡುವ ಕಾರನ್ನು ಮಾರುವುದು ವ್ಯಾಪಾರ! ಈ ಎರಡರ ನಡುವಿನ ಅಂತರವನ್ನು ಸರಕಾರವೇ ತುಂಬಬೇಕು. ಯುರೋಪಿನಂಥ ವ್ಯವಸ್ಥೆ ನಮ್ಮ ಕಾರುಗಳಿಗೂ ಬರಲಿ ಎಂದು ಕೇಳಲು ನಮಗೆ ಹಕ್ಕಿದೆ.

ಆದರೆ ಕಾನೂನು ಬರುವವರೆಗೆ ಆ ಅಂತರವನ್ನು ತುಂಬಬೇಕಾದದ್ದು ನಮ್ಮ ಬಲಗಾಲು. ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ವೇಗದ ಮೋಹದಿಂದ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೊಡ್ಡುವುದು ಗಂಭೀರ ದೋಷವೆಂದು ಕಥೋಲಿಕ ಧರ್ಮೋಪದೇಶ ಐದನೆಯ ಕಟ್ಟಳೆಯ ವಿವರಣೆಯಲ್ಲಿ ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ ಚಾಲಕರಿಗಾಗಿಯೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿದಾಗ ಅನೇಕರು ಅದನ್ನು ತಮಾಷೆಯಾಗಿ ಕಂಡರು. ಕಾರು ಅಧಿಕಾರ ಪ್ರದರ್ಶನದ ಸಾಧನವಾಗಬಾರದು ಎಂಬ ಮಾತು ಅದರಲ್ಲಿತ್ತು. ಪಾಪನಿವೇದನೆಗೆ ಹೋಗುವಾಗ ನಮ್ಮಲ್ಲಿ ಎಷ್ಟು ಮಂದಿಗೆ ಸ್ಪೀಡೋಮೀಟರ್ ನೆನಪಾಗುತ್ತದೆ?

ಪ್ರತಿ ವಾಳೆಯಲ್ಲೂ ಮಾಡಬಹುದಾದ ಕೆಲವು ಕೆಲಸಗಳಿವೆ. ಹೆದ್ದಾರಿ ಬದಿಯ ಇಗರ್ಜಿ, ಶಾಲೆಗಳ ಮುಂದೆ ದಾಟುದಾರಿ, ಬೆಳಕು, ವೇಗದ ಬೋರ್ಡು ಬೇಕೆಂದು ಪಾಲನಾ ಮಂಡಳಿಗಳು ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಬಹುದು, ಆಗುವವರೆಗೆ ಬೆನ್ನುಹತ್ತಬಹುದು. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ತಂದೆತಾಯಿಗೆ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು ಎಂಬುದನ್ನು ಯುವಜನರ ಸಭೆಗಳಲ್ಲಿ ತಿಳಿಹೇಳಬಹುದು. ಕಾರು ಕೊಳ್ಳುವಾಗ "ಎಷ್ಟು ಓಡುತ್ತದೆ" ಎಂದು ಕೇಳುವ ಬದಲು "ಎಷ್ಟರಲ್ಲಿ ನಿಲ್ಲುತ್ತದೆ" ಎಂದು ಕೇಳಬಹುದು. ಕೊಳ್ಳುವವರ ಪ್ರಶ್ನೆ ಬದಲಾದರೆ ಮಾರುವವರ ಉತ್ತರವೂ ಬದಲಾಗುತ್ತದೆ.

ಕೊನೆಗೆ ಆ ಹುಡುಗನಿಗೆ ಏನು ಹೇಳೋಣ? ಘಾಟಿ ಹತ್ತಲು ಬೇಕಾದ ಶಕ್ತಿಯ ಜತೆಗೆ ವ್ಯಾಪಾರದ ಆಸೆಯೂ ಸೇರಿ ಆ ಸಂಖ್ಯೆ ಮೀಟರಿನಲ್ಲಿ ಬಂದು ಕೂತಿದೆ ಮಗಾ, ಅದನ್ನು ಮುಟ್ಟಬೇಕೆಂದೇನೂ ಇಲ್ಲ ಎಂದು ಹೇಳೋಣ. ಮುಂದಿನ ಭಾನುವಾರ ಅವನು ನಮ್ಮ ಹಿಂದಿನ ಸೀಟಿನಲ್ಲಿ ಕೂತು ಮುಳ್ಳನ್ನು ನೋಡುತ್ತಿರುತ್ತಾನೆ. ನಾವು ಹೇಳಿದ್ದು ಸತ್ಯವೇ ಎಂದು ಅಲ್ಲಿ ಅವನಿಗೆ ಗೊತ್ತಾಗುತ್ತದೆ.